ಪರೀಕ್ಷಾಕಾಲದ ಚಿಂತೆಯೂ ಚಿಂತನೆಯೂ

ಕಳೆದ ದ್ವಾದಶಿಯಂದು ಪಾರಣೆ ಮುಗಿದು ಎಲ್ಲರೂ ಹೊರಡುವ ಹೊತ್ತಿನಲ್ಲಿ ವಿಜಯವಾಡದ ಓರ್ವ ತಾಯಿಯವರು ನನ್ನ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ರಾಯರೇ, ನಮ್ಮ ಹುಡುಗನಿಗೆ ವಿಶಾಖಪಟ್ಟಣದಲ್ಲಿ ಕೆಲಸವೇನೋ ಆಯಿತು. ಆದರೆ ಆರು ತಿಂಗಳು ಪ್ರೊಬೇಷನ್ ಅಂತೆ. ಫೋನಿನಲ್ಲಿ ಅವನ ದನಿಯೇ ಸರಿಯಿಲ್ಲ. ರಾತ್ರಿ ನಿದ್ರೆ ಬರುವುದಿಲ್ಲವಂತೆ. ಕೆಲಸ ಖಾಯಂ ಆಗುವುದಕ್ಕೆ ಯಾವುದಾದರೂ ಪಾರಾಯಣ ಇದ್ದರೆ ಹೇಳಿ.”

ಅವರಿಗೆ ರೂಢಿಯಲ್ಲಿದ್ದ ಪಾರಾಯಣವನ್ನೇ ಮುಂದುವರಿಸುವಂತೆ ಹೇಳಿ ಕಳುಹಿಸಿದೆನು. ಆದರೆ ಅದರ ಜೊತೆಯಲ್ಲಿ ಹೇಳಬೇಕಾಗಿದ್ದ ಇನ್ನೊಂದು ಮಾತು ಆ ಅವಸರದಲ್ಲಿ ಉಳಿದುಹೋಯಿತು. ನಮ್ಮ ಹಲವು ಮನೆಗಳಲ್ಲಿ ಇದೇ ಆತಂಕವಿರುವುದರಿಂದ ಆ ಮಾತನ್ನು ಈ ತಿಂಗಳ ಪಾಠವಾಗಿ ವಾಚಕರ ಮುಂದೆ ಇಡುತ್ತಿದ್ದೇನೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಉದ್ಯೋಗದ ಭದ್ರತೆ ಎಷ್ಟು ದೊಡ್ಡದೆಂಬುದನ್ನು ನಾನು ಬಲ್ಲೆ. ರಾಯಚೂರಿನ ಬಳಿ ಹರಿಯುವ ಕೃಷ್ಣೆಯನ್ನೇ ಹಿಂಬಾಲಿಸಿದಂತೆ ಈ ಕೆಳದಂಡೆಗೆ ಬಂದು ನೆಲೆಸಿದವರು ನಾವು. ಊರಿನಲ್ಲಿ ಹೊಲವಿಲ್ಲ, ಇದ್ದರೂ ನೋಡಿಕೊಳ್ಳುವವರಿಲ್ಲ. ಬಾಡಿಗೆ ಮನೆಯ ಮುಂಗಡ, ತಂಗಿಯ ಓದು, ತಂದೆಯ ಔಷಧ ಎಲ್ಲವೂ ಆ ಒಂದು ಸಂಬಳದ ಮೇಲೆ ನಿಂತಿರುತ್ತವೆ. ಹೆಣ್ಣಿನ ಕಡೆಯವರೂ “ಕೆಲಸ ಖಾಯಂ ಆಗಲಿ, ಆಮೇಲೆ ಜಾತಕ ಕೊಡುತ್ತೇವೆ” ಎನ್ನುವುದುಂಟು. ಆದುದರಿಂದ “ಚಿಂತಿಸಬೇಡ” ಎಂದು ಬರಿದೆ ಉಪದೇಶಿಸುವುದು ಸುಲಭ, ಪ್ರಯೋಜನ ಅಲ್ಪ. ಚಿಂತೆಯನ್ನು ಯಾವ ಕಡೆಗೆ ತಿರುಗಿಸಬೇಕೆಂಬುದೇ ವಿಚಾರಣೀಯ.

೧. ಶಬ್ದಾರ್ಥ

ಪ್ರೊಬೇಷನ್ ಎಂಬುದನ್ನು ಕನ್ನಡದಲ್ಲಿ ‘ಪರೀಕ್ಷಾರ್ಥ ಅವಧಿ’ ಎನ್ನುತ್ತೇವೆ. ‘ಪರೀಕ್ಷಾ’ ಎಂಬ ಶಬ್ದವು ‘ಪರಿ’ ಎಂಬ ಉಪಸರ್ಗದಿಂದಲೂ ನೋಡುವುದೆಂಬ ಅರ್ಥದ ‘ಈಕ್ಷ್’ ಧಾತುವಿನಿಂದಲೂ ಆದುದು. ಸುತ್ತಲೂ ನೋಡುವುದು, ಎಲ್ಲ ಕಡೆಯಿಂದಲೂ ಕಾಣುವುದು ಎಂದು ಇದರ ಅರ್ಥ. ಒಂದು ದಿನದ ಒಂದು ತಪ್ಪನ್ನು ಮಾತ್ರ ನೋಡಿ ಮುಗಿಸಿದರೆ ಅದು ಈಕ್ಷೆಯಾದೀತು, ಪರೀಕ್ಷೆಯಾಗದು. ಆರು ತಿಂಗಳೋ ಎರಡು ವರ್ಷವೋ ಅವಧಿಯನ್ನು ಗೊತ್ತುಮಾಡಿರುವುದು ಈ ಕಾರಣಕ್ಕಾಗಿಯೇ.

ಹಾಗೆಯೇ ‘ಚಿಂತಾ’, ‘ಚಿಂತನ’ ಎಂಬೆರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಒಂದೇ ವಿಷಯದ ಸುತ್ತ ಮನಸ್ಸು ಗಾಣದ ಎತ್ತಿನಂತೆ ಸುತ್ತುತ್ತಿದ್ದರೆ ಅದನ್ನು ಚಿಂತೆಯೆನ್ನುತ್ತೇವೆ. ಅದೇ ಮನಸ್ಸು “ಮುಂದೇನು ಮಾಡಬೇಕು” ಎಂದು ಒಂದು ಹೆಜ್ಜೆ ಮುಂದಿಟ್ಟರೆ ಚಿಂತನೆಯೆನ್ನುತ್ತೇವೆ.

೨. ಕೌಟಿಲ್ಯನು ಹೇಳಿದ ನಾಲ್ಕು ಪರೀಕ್ಷೆಗಳು

ನೌಕರಿಗೆ ಸೇರಿದವನನ್ನು ಪರೀಕ್ಷಿಸುವ ಪದ್ಧತಿಯು ಆಂಗ್ಲರು ತಂದುದೆಂದು ಕೆಲವರ ಭಾವನೆ. ಮೈಸೂರಿನ ಪಂಡಿತ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಇದೆ. ಅಮಾತ್ಯರನ್ನು ಸಾಮಾನ್ಯ ಅಧಿಕಾರದಲ್ಲಿ ನೇಮಿಸಿದ ಬಳಿಕ ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ‘ಉಪಧೆ’ಗಳಿಂದ ಅವರನ್ನು ಗುಪ್ತವಾಗಿ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಸಿದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಈ ನಾಲ್ಕರಲ್ಲಿ ಒಂದೂ ಜಾಣತನದ ಪರೀಕ್ಷೆಯಲ್ಲ. ಜ್ಞಾನ, ಕಾರ್ಯಸಾಮರ್ಥ್ಯ ಮುಂತಾದುವನ್ನು ಬೇರೆಡೆಯಲ್ಲಿ ಹೇಳಿ, ಇಲ್ಲಿ ‘ಶೌಚ’ವನ್ನು, ಎಂದರೆ ನಡತೆಯ ಶುದ್ಧಿಯನ್ನು ಮಾತ್ರ ನೋಡಲಾಗಿದೆ. ಎರಡನೆಯದಾಗಿ, ಯಾರು ಯಾವುದರಲ್ಲಿ ಶುದ್ಧರೋ ಅವರಿಗೆ ಅದಕ್ಕೆ ತಕ್ಕ ಕೆಲಸವನ್ನು ಕೊಡಬೇಕು. ಧರ್ಮದಲ್ಲಿ ಶುದ್ಧರಾದವರಿಗೆ ನ್ಯಾಯಸ್ಥಾನ, ಅರ್ಥದಲ್ಲಿ ಶುದ್ಧರಾದವರಿಗೆ ಕಂದಾಯ ಮತ್ತು ಭಂಡಾರ, ಹೀಗೆ. ಕೊನೆಗೆ, ಎಲ್ಲ ಪರೀಕ್ಷೆಗಳಲ್ಲಿಯೂ ಸೋತವನನ್ನೂ ಕೌಟಿಲ್ಯನು ಬೀದಿಗೆ ತಳ್ಳುವುದಿಲ್ಲ. ಗಣಿ, ಅರಣ್ಯ, ಆನೆಗಳ ವನ, ಕಾರ್ಖಾನೆಗಳಲ್ಲಿ ನೇಮಿಸಬೇಕೆನ್ನುತ್ತಾನೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿರುವ ನಮ್ಮ ಬಂಧುಗಳು ಈ ಮಾತಿಗೆ ಬೇಸರಿಸಬಾರದು! ಅಷ್ಟು ಕಠಿಣನೆಂದು ಹೆಸರಾದ ಕೌಟಿಲ್ಯನಿಗೂ ಪರೀಕ್ಷೆಯ ಫಲವೆಂದರೆ ಮನುಷ್ಯನಿಗೆ ತಕ್ಕ ಸ್ಥಾನವನ್ನು ಹುಡುಕುವುದೇ ಆಗಿತ್ತೆಂಬುದು ಇಲ್ಲಿಯ ತಾತ್ಪರ್ಯ.

೩. ರೈಲ್ವೆಯ ಒಂದು ನಿಯಮ

ನಾನು ಬಾಳಿದ ಇಲಾಖೆಯಿಂದ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ವಿಜಯವಾಡದ ಸಮತಟ್ಟಾದ ಮಾರ್ಗದಲ್ಲಿ ಇಪ್ಪತ್ತು ವರ್ಷ ಗಾಡಿ ನಡೆಸಿದ ಚಾಲಕನನ್ನು ಕೊತ್ತವಲಸ–ಕಿರಂದುಲ್ ಮಾರ್ಗಕ್ಕೆ ವರ್ಗಾಯಿಸಿದರೆನ್ನಿ. ಬೈಲಾಡಿಲದ ಕಬ್ಬಿಣದ ಅದಿರನ್ನು ವಿಶಾಖಪಟ್ಟಣದ ಬಂದರಿಗೆ ತರಲು ೧೯೬೦ರ ದಶಕದಲ್ಲಿ ನಿರ್ಮಿಸಿದ ಈ ಮಾರ್ಗವು ಅರಕು ಕಣಿವೆಯ ಕಡೆಗೆ ಏರುತ್ತ, ಶಿಮಿಲಿಗುಡ ನಿಲ್ದಾಣದ ಬಳಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರು ಎತ್ತರವನ್ನು ಮುಟ್ಟುತ್ತದೆ. ಸುರಂಗಗಳು, ತಿರುವುಗಳು, ಇಳಿಜಾರುಗಳು ಹೆಜ್ಜೆಹೆಜ್ಜೆಗೂ ಇವೆ.

ಎಷ್ಟೇ ಅನುಭವಿಯಾದರೂ ಆ ಚಾಲಕನಿಗೆ ಮೊದಲ ದಿನವೇ ಗಾಡಿಯನ್ನು ಒಪ್ಪಿಸುವುದಿಲ್ಲ. ಬಲ್ಲವರ ಜೊತೆಯಲ್ಲಿ ಹಗಲೂ ರಾತ್ರಿಯೂ ಸಂಚರಿಸಿ, ಯಾವ ಸಿಗ್ನಲ್ ಎಲ್ಲಿದೆ, ಎಲ್ಲಿ ಏರು, ಎಲ್ಲಿ ಇಳಿಜಾರು ಎಂಬುದನ್ನು ಅವನು ಅರಿಯಬೇಕು. ಇದನ್ನು ರೈಲ್ವೆಯವರು ‘ರೋಡ್ ಲರ್ನಿಂಗ್’ ಎನ್ನುತ್ತಾರೆ. ಮಾರ್ಗದ ಯಾವುದಾದರೂ ಭಾಗದ ಪರಿಚಯ ತನಗಿಲ್ಲದಿದ್ದರೆ, ಬಲ್ಲವನೊಬ್ಬನನ್ನು ಜೊತೆಗೆ ಪಡೆಯಬೇಕೆಂದು ನಿಯಮವೇ ಹೇಳುತ್ತದೆ. “ನನಗೆ ಈ ದಾರಿ ತಿಳಿಯದು” ಎನ್ನುವುದು ಅಲ್ಲಿ ಅವಮಾನದ ಮಾತಲ್ಲ, ಕರ್ತವ್ಯ. ತಿಳಿಯದೆ ತಿಳಿದಂತೆ ನಟಿಸುವುದು ಅಪರಾಧ.

ಹೊಸ ಉದ್ಯೋಗದ ಪರೀಕ್ಷಾಕಾಲವೂ ಇಂಥ ಮಾರ್ಗಪರಿಚಯದ ಕಾಲವೇ. ತಿಳಿಯದುದನ್ನು ಹೊರಗೆಡಹುವುದಕ್ಕೆಂದೇ ಮೀಸಲಾದ ಈ ಸಮಯದಲ್ಲಿ, ಭಯವು ಮನುಷ್ಯನಿಂದ ಸರಿಯಾಗಿ ಇದರ ವಿರುದ್ಧವನ್ನು ಮಾಡಿಸುತ್ತದೆ, ತಿಳಿಯದುದನ್ನು ಮುಚ್ಚಿಡಿಸುತ್ತದೆ. ಈ ಪಾಠದ ಸಾರವೆಲ್ಲ ಇಷ್ಟೇ.

೪. ಎರಡು ಅನುಭವಗಳು

೧೯೮೩ರಲ್ಲಿ ನಾನು ಸ್ವತಃ ಪ್ರೊಬೇಷನರ್ ಆಗಿ ಆಂಧ್ರದ ಕರಾವಳಿಯ ಒಂದು ಗೂಡ್ಸ್ ಯಾರ್ಡಿನಲ್ಲಿದ್ದೆನು. ತೆಲುಗು ಅರೆಬರೆ. ಒಂದು ಮುಂಜಾನೆ ಶಂಟಿಂಗ್ ಜಮಾದಾರರು ಬಂದು “ಕುಡಿ ವೈಪೇನಾ ಸಾರ್?” ಎಂದು ಕೇಳಿದರು. ಚಹಾ ಕುಡಿಯುವ ಮಾತೆಂದು ಭಾವಿಸಿ ನಾನು ನಗುತ್ತ ತಲೆಯಾಡಿಸಿದೆನು. ತೆಲುಗಿನಲ್ಲಿ ‘ಕುಡಿ’ ಎಂದರೆ ಬಲಗಡೆ! ಎಡಗಡೆಗೆ ಹೋಗಬೇಕಾಗಿದ್ದ ಆರು ವ್ಯಾಗನ್ನುಗಳು ಬಲಗಡೆಯ ಸೈಡಿಂಗಿಗೆ ಹೋದವು. ಅವುಗಳನ್ನು ಹೊರತೆಗೆಯಲು ಮೂರು ಗಂಟೆಗಳು ಹಿಡಿದವು.

ಜಮಾದಾರರ ಮೇಲೆ ಹೊರಿಸಿದ್ದರೆ ಆ ದಿನ ನನ್ನನ್ನು ಕೇಳುವವರಿರಲಿಲ್ಲ. ಮನಸ್ಸು ಒಂದು ಕ್ಷಣ ಅತ್ತ ಹೋದುದೂ ಸುಳ್ಳಲ್ಲ. ಆದರೂ ಮೇಲಧಿಕಾರಿಗಳ ಬಳಿಗೆ ಹೋಗಿ, “ತಪ್ಪು ನನ್ನದು, ಭಾಷೆ ತಿಳಿಯದೆ ತಲೆಯಾಡಿಸಿದೆ” ಎಂದು ಹೇಳಿಬಿಟ್ಟೆನು. ಅವರು ನಕ್ಕು, “ನಾಳೆಯಿಂದ ಆ ಜಮಾದಾರರ ಬಳಿಯೇ ದಿನಕ್ಕೆ ಹತ್ತು ಮಾತು ಕಲಿಯಿರಿ” ಎಂದರು. ಮೂರು ತಿಂಗಳಲ್ಲಿ ನನ್ನ ತೆಲುಗು ಸುಧಾರಿಸಿತು; ಜಮಾದಾರರು ನನ್ನ ಮೊದಲ ಗುರುಗಳಾದರು.

ಎರಡನೆಯ ಅನುಭವವನ್ನು ಹೇಳಲು ಇಂದಿಗೂ ಕಷ್ಟವಾಗುತ್ತದೆ. ಹಲವು ವರ್ಷಗಳ ಅನಂತರ ನನ್ನ ಕೈಕೆಳಗೆ ಒಬ್ಬ ತರುಣನು ಪರೀಕ್ಷಾವಧಿಯಲ್ಲಿದ್ದನು. ಬುದ್ಧಿವಂತ, ವಿನಯವಂತ. ದಾಸ್ತಾನಿನ ಲೆಕ್ಕದಲ್ಲಿ ಅವನಿಗೆ ಒಂದು ಸಣ್ಣ ವ್ಯತ್ಯಾಸ ಬಂದಿತು. ಬಂದು ಹೇಳಿದ್ದರೆ ಹತ್ತು ನಿಮಿಷಗಳಲ್ಲಿ ಬಗೆಹರಿಯುವ ಕೂಡಿಕೆಯ ತಪ್ಪು. ಅವನು ಹೇಳಲಿಲ್ಲ, ಪುಸ್ತಕದ ಅಂಕಿಯನ್ನೇ ತಿದ್ದಿದನು. ಮುಂದಿನ ತಪಾಸಣೆಯಲ್ಲಿ ಅದು ಹೊರಬಿದ್ದಿತು. ಕೇಳಿದಾಗ, “ತಪ್ಪಾಯಿತೆಂದರೆ ಕೆಲಸ ಹೋಗುತ್ತದೆ, ಮನೆಗೆ ಯಾವ ಮುಖ ತೋರಿಸಲಿ ಎಂದುಕೊಂಡೆ ಸಾರ್” ಎಂದನು. ಕೂಡಿಕೆಯ ತಪ್ಪನ್ನು ಕ್ಷಮಿಸಬಹುದಾಗಿತ್ತು. ತಿದ್ದಿದ ಅಂಕಿಯನ್ನು ಕ್ಷಮಿಸಲು ನನಗೆ ಅಧಿಕಾರವಿರಲಿಲ್ಲ. ಅವನನ್ನು ಖಾಯಂ ಮಾಡಬಾರದೆಂಬ ವರದಿಗೆ ನಾನೇ ಸಹಿ ಹಾಕಿದೆನು.

ನನ್ನ ಪಾಲಿನ ದೋಷವನ್ನೂ ಹೇಳಬೇಕು. ಲೆಕ್ಕದ ಕೆಲಸದಲ್ಲಿ ಅವನು ತಡವರಿಸುತ್ತಿದ್ದುದನ್ನು ನಾನು ನಾಲ್ಕನೆಯ ತಿಂಗಳಲ್ಲಿಯೇ ಕಂಡಿದ್ದೆನು. ಹುಡುಗನಿಗೆ ನೋವಾದೀತೆಂದು ಸುಮ್ಮನಿದ್ದೆನು. ಕರೆದು ಎರಡು ಮಾತು ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಏನೋ.

೫. ತಿಳಿದಿರಬೇಕಾದ ನಿಯಮಗಳು

ಭಯದ ಅರ್ಧಭಾಗವು ನಿಯಮಗಳ ಅಜ್ಞಾನದಿಂದ ಬರುತ್ತದೆ. ಕೇಂದ್ರ ಸರ್ಕಾರದ ಹೆಚ್ಚಿನ ಹುದ್ದೆಗಳಿಗೆ ನೇರವಾಗಿ ನೇಮಕವಾದವರಿಗೆ ಈ ಅವಧಿಯು ಸಾಮಾನ್ಯವಾಗಿ ೨ ವರ್ಷ. ಇದನ್ನು ವಿಸ್ತರಿಸಬಹುದಾದರೂ ಮೂಲ ಅವಧಿಯ ಎರಡರಷ್ಟನ್ನು ಮೀರಕೂಡದು. ಕೆಲಸ ತೃಪ್ತಿಕರವಾಗಿಲ್ಲದಿದ್ದರೆ, ತಿದ್ದಿಕೊಳ್ಳಲು ಕಾಲವಿರುವಂತೆ, ಅವಧಿ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ನ್ಯೂನತೆಗಳನ್ನು ತಿಳಿಸಬೇಕೆಂಬ ಸೂಚನೆಯೂ ಇದೆ. ನಾನು ತಪ್ಪಿದುದು ಇಲ್ಲಿಯೇ.

ಪರೀಕ್ಷಾವಧಿಯಲ್ಲಿರುವವನಿಗೆ ಹುದ್ದೆಯ ಮೇಲೆ ಹಕ್ಕಿಲ್ಲವೆಂಬುದು ಸಾಮಾನ್ಯ ನಿಯಮ. ಆದರೆ ೧೯೭೪ರಲ್ಲಿ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ೭ ಮಂದಿ ನ್ಯಾಯಮೂರ್ತಿಗಳ ಪೀಠವು, ಆಜ್ಞೆಯ ಮಾತು ಎಷ್ಟೇ ನಿರಪಾಯವಾಗಿದ್ದರೂ ಅದು ವಾಸ್ತವದಲ್ಲಿ ದುರ್ನಡತೆಗಾಗಿ ಕೊಟ್ಟ ಶಿಕ್ಷೆಯಾಗಿದ್ದರೆ, ವಿಚಾರಣೆಯಿಲ್ಲದೆ ಸರ್ಕಾರಿ ನೌಕರನನ್ನು ತೆಗೆಯಲಾಗದೆಂದು ತೀರ್ಮಾನಿಸಿತು. ಖಾಸಗಿ ಸಂಸ್ಥೆಗಳಲ್ಲಿ ಮುಖ್ಯವಾಗಿ ನೇಮಕಪತ್ರದ ಷರತ್ತುಗಳನ್ನು ನೋಡಬೇಕು. ಅವಧಿ ಎಷ್ಟು, ವಿಸ್ತರಿಸಬಹುದೇ, ಖಾಯಂ ಆದುದಕ್ಕೆ ಲಿಖಿತ ಆಜ್ಞೆ ಬರಬೇಕೇ, ಬಿಡಿಸುವ ಮುನ್ನ ಎಷ್ಟು ದಿನಗಳ ನೋಟೀಸು ಎಂಬ ನಾಲ್ಕನ್ನೂ ಓದಿ ಗುರುತು ಹಾಕಿಕೊಳ್ಳುವುದು ಒಳಿತು. ಅವಧಿಯ ಅರ್ಧಭಾಗ ಕಳೆದಾಗ ಮೇಲಧಿಕಾರಿಯನ್ನು ತಾನಾಗಿಯೇ ಕಂಡು, “ನಾನು ಯಾವುದರಲ್ಲಿ ಸುಧಾರಿಸಬೇಕು?” ಎಂದು ಕೇಳಬೇಕು. ಕೊನೆಯ ವಾರದಲ್ಲಿ ಕೇಳಿದರೆ ಉತ್ತರ ಸಿಕ್ಕರೂ ಕಾಲ ಸಿಗದು.

೬. ವಿಶ್ವೇಶ್ವರಯ್ಯನವರ ಮೊದಲ ದಿನಗಳು

ಸರ್ ಎಂ. ವಿಶ್ವೇಶ್ವರಯ್ಯನವರ ಪೂರ್ವಜರು ಇದೇ ಆಂಧ್ರದ ಮೋಕ್ಷಗುಂಡದವರು. ಅವರು ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಇಂಜಿನಿಯರಾಗಿ ಸೇರಿದರು. ಧುಳೆಯ ಬಳಿ ಪಾಂಝ್ರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆಯ ಸೈಫನ್ ನಿರ್ಮಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಯಿಂದ ಕೆಲಸಕ್ಕೆ ಅಡಚಣೆಯಾದಾಗ, ಅದನ್ನು ಮಳೆಗಾಲದ ಅನಂತರಕ್ಕೆ ಮುಂದೂಡಲು ಅವರು ಅನುಮತಿ ಕೋರಿದರು. ಮೇಲಧಿಕಾರಿಗೆ ಇದು ಹಿಡಿಸಲಿಲ್ಲ. ಹೊಸ ನೌಕರನಿಗೆ ಇದಕ್ಕಿಂತ ಕೆಟ್ಟ ಆರಂಭ ಬೇಕೇ? ಆದರೆ ಅವರು ಕುಗ್ಗದೆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು ಪೂರೈಸಿದರು. ಅಸಮಾಧಾನಗೊಂಡಿದ್ದ ಅಧಿಕಾರಿಯೇ ಮುಂದೆ ಅವರನ್ನು ಮೆಚ್ಚಿದರು. ೧೯೫೧ರಲ್ಲಿ ಪ್ರಕಟವಾದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಅವರು ಈ ಸಂಗತಿಯನ್ನು ಮುಚ್ಚಿಡದೆ ಬರೆದಿದ್ದಾರೆ. ಕಷ್ಟವಿದ್ದುದನ್ನು ಬಾಯಿಬಿಟ್ಟು ಹೇಳಿದರು. ಉತ್ತರ ಪ್ರತಿಕೂಲವಾದಾಗ ಮುನಿಸಿಕೊಳ್ಳದೆ ದುಡಿದರು. ಒಂದು ದಿನದ ಅಸಮಾಧಾನವು ಕೊನೆಯ ತೀರ್ಪಾಗಲಿಲ್ಲ.

೭. ಕಿರಾತವೇಷದ ಪರೀಕ್ಷಕ

ವಿಜಯವಾಡದಲ್ಲಿರುವ ನಮಗೆ ಇಂದ್ರಕೀಲಾದ್ರಿಯು ನಿತ್ಯವೂ ಕಾಣುತ್ತದೆ. ಅರ್ಜುನನು ತಪಸ್ಸು ಮಾಡಿ ಪಾಶುಪತಾಸ್ತ್ರವನ್ನು ಪಡೆದುದು ಇಲ್ಲಿಯೇ ಎಂದು ಸ್ಥಳಪುರಾಣವು ಹೇಳುತ್ತದೆ. ವನಪರ್ವದ ಆ ಕಥೆಯಲ್ಲಿ ಪರೀಕ್ಷಕನು ಬೇಡನ ವೇಷದಲ್ಲಿ ಬಂದನು. ಅವನು ಯಾರೆಂದು ಅರ್ಜುನನಿಗೆ ತಿಳಿಯದು. ನಮ್ಮ ತರುಣರೂ ಮ್ಯಾನೇಜರರ ಮುಂದೆ ಮಾತ್ರ ಎಚ್ಚರದಿಂದಿದ್ದು, ಉಗ್ರಾಣದವನನ್ನೂ ಬಾಗಿಲು ಕಾಯುವವನನ್ನೂ ಕಡೆಗಣಿಸಬಾರದು. ಪರಿತಃ ಈಕ್ಷಿಸುವವರು ಅವರೂ ಹೌದು.

ಇನ್ನೊಂದು ವಿಶೇಷವಿದೆ. ಆ ಯುದ್ಧದಲ್ಲಿ ಅರ್ಜುನನು ಗೆಲ್ಲಲಿಲ್ಲ. ಬಾಣಗಳು ತೀರಿದವು, ಗಾಂಡೀವವೂ ಕೈತಪ್ಪಿತು, ಕೊನೆಗೆ ಅವನು ಮೈಮರೆತು ಬಿದ್ದನು. ಅಸ್ತ್ರವು ದೊರೆತುದು ಸೋತ ಅರ್ಜುನನಿಗೆ, ಅವನು ಹೋರಾಡಿದ ರೀತಿಗಾಗಿ.

೮. ಮನೆಯವರಿಗೆ ಒಂದು ಮಾತು

ಈ ಪರೀಕ್ಷೆಯ ಅರ್ಧ ಭಾರವು ಮನೆಯಿಂದ ಹೋಗುತ್ತದೆ. ದಿನಾ ಸಂಜೆ ಫೋನಿನಲ್ಲಿ “ಖಾಯಂ ಆಯಿತೇನೋ?” ಎಂದು ಕೇಳುವ ತಂದೆತಾಯಿಗಳು ಮಗನನ್ನು ಪ್ರೀತಿಸುವವರೇ. ಆದರೆ ಆ ಪ್ರಶ್ನೆಯೇ ಅವನ ಬಾಯಿ ಕಟ್ಟುತ್ತದೆ. ಇಂದು ನಡೆದ ತಪ್ಪನ್ನು ಮನೆಯಲ್ಲಿ ಹೇಳಲಾಗದವನು ಕಚೇರಿಯಲ್ಲಿ ಹೇಗೆ ಹೇಳಿಯಾನು? ಅದರ ಬದಲು “ಈವತ್ತು ಏನು ಕಲಿತೆ? ಯಾರನ್ನು ಕೇಳಿ ತಿಳಿದುಕೊಂಡೆ?” ಎಂದು ಕೇಳಿನೋಡಿ. “ಒಂದು ವೇಳೆ ಈ ಕೆಲಸ ನಿಲ್ಲದಿದ್ದರೂ ಮನೆಗೆ ಬಾ, ಮುಂದಿನದನ್ನು ಕೂಡಿ ನೋಡೋಣ” ಎಂದು ಒಂದು ಸಲ ಸ್ಪಷ್ಟವಾಗಿ ಹೇಳಿ. ಪ್ರಯತ್ನವೆಲ್ಲ ಮಾಡಿಯೂ ಕೆಲಸ ಕೈತಪ್ಪುವುದುಂಟು. ಆಗ ಬಾಗಿಲು ತೆರೆದಿದೆಯೆಂದು ತಿಳಿದ ಹುಡುಗನು ಅಂಕಿಯನ್ನು ತಿದ್ದಲಾರನು.

ಆ ತಾಯಿಯವರಿಗೆ ನಾನು ಹೇಳಬೇಕಾಗಿದ್ದ ಮಾತು ಇದೇ: ಅಮ್ಮಾ, ಪಾರಾಯಣವನ್ನು ಬಿಡಬೇಡಿ. ಅದು ಮುಗಿದ ಮೇಲೆ ಮಗನಿಗೆ ಫೋನು ಮಾಡಿ, ಅವನಿಗೆ ತಿಳಿಯದಿರುವ ಮೂರು ಸಂಗತಿಗಳನ್ನು ಕಾಗದದಲ್ಲಿ ಬರೆದುಕೊಂಡು ನಾಳೆ ಬೆಳಗ್ಗೆ ಬಲ್ಲವರನ್ನು ಕೇಳಲು ಹೇಳಿ. ನಿದ್ರೆ ತಾನಾಗಿ ಬರುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥