ಮರಳಿ ಬಂದ ಕ್ಯಾನ್ಸರ್ ಮತ್ತು ನಮ್ಮ ಕೃತಜ್ಞತೆ



ಈ ಸಲ ಮೆಣಸಿನ ಗಿಡದ ಎಲೆಮುದುಡು ರೋಗದ ಬಗ್ಗೆ ಬರೆಯಬೇಕೆಂದಿದ್ದೆವು. ಅದನ್ನು ಮುಂದಿನ ಸಂಚಿಕೆಗೆ ಹಾಕಿದ್ದೇವೆ. ಕಾರಣ, ನಮ್ಮಿಂದಲೇ ಆದ ಒಂದು ತಪ್ಪು.

ಕಾಲುವೆ ಕೊನೆಯ ಊರಿನ ಒಬ್ಬ ತಾಯಿಗೆ ಕೆಲವು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಕೀಮೋ ಹಾಕಿಸಿದರು, ನಮ್ಮ ಜನ ಹೇಳುವ ಹಾಗೆ ‘ಕರೆಂಟು’ ಕೊಡಿಸಿದರು. ಈಗ ರೋಗದ ಗುರುತು ಕಾಣುವುದಿಲ್ಲ ಎಂದು ವೈದ್ಯರು ಹೇಳಿದಾಗ ನಾವು ಸಂತೋಷದಿಂದ ಆಕೆಯನ್ನು ಭಾನುವಾರದ ಬಲಿಪೂಜೆಯಲ್ಲಿ ಪೀಠದ ಮುಂದೆ ಕರೆದು, ಸಂಪೂರ್ಣ ಗುಣವಾಯಿತೆಂದು ಎಲ್ಲರಿಗೂ ಸಾರಿದೆವು. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯ ವರ್ಷ ಬೆನ್ನುನೋವು ಶುರುವಾಯಿತು. ಹತ್ತಿ ಬಿಡಿಸಿ ಬಿಡಿಸಿ ಬಂದ ನೋವೆಂದು ಎರಡು ತಿಂಗಳು ಎಣ್ಣೆ ತಿಕ್ಕಿಕೊಂಡರು. ಪರೀಕ್ಷೆ ಮಾಡಿಸಿದರೆ ರೋಗ ಮೂಳೆಗೆ ಬಂದಿತ್ತು. ಅಂದಿನಿಂದ ಆಕೆ ಗುಡಿಗೆ ಬರುವುದನ್ನೇ ಬಿಟ್ಟರು.

ಮನೆಗೆ ಹೋಗಿ ಕೇಳಿದೆವು. “ಎಲ್ಲಾರ ಮುಂದ ವಾಸಿ ಆಯ್ತಂತ ಹೇಳಿದ್ರಿ ಫಾದರ್. ಈಗ ಯಾವ ಮುಖ ಇಟ್ಕೊಂಡು ಬರ್ಲಿ? ನನ್ನ ವಿಶ್ವಾಸದಾಗ ಏನೋ ಕೊರತಿ ಐತಿ ಅಂತಾರ ಜನ” ಎಂದರು. ನಮಗೆ ಉತ್ತರ ತೋಚಲಿಲ್ಲ. ಆ ತಾಯಿಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇವೆ.

ಮೊದಲು ರೋಗದ ವಿಷಯ ತಿಳಿಯೋಣ. ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುಂಟೆ ಹೊಡೆದು ಮೇಲಿನ ಹುಲ್ಲನ್ನೆಲ್ಲ ತೆಗೆಯುತ್ತೇವೆ, ಹೊಲ ಶುಭ್ರವಾಗಿ ಕಾಣುತ್ತದೆ. ಆದರೆ ಮಣ್ಣಿನ ಕೆಳಗೆ ಒಂದು ಗಡ್ಡೆ ಉಳಿದಿದ್ದರೂ ಮುಂದಿನ ಮಳೆಗೆ ಅದು ಚಿಗುರುತ್ತದೆ. ಹಾಗೆಯೇ, ಕಣ್ಣಿಗೂ ಸ್ಕ್ಯಾನಿಗೂ ಕಾಣದ ಕೆಲವು ಕ್ಯಾನ್ಸರ್ ಕಣಗಳು ಮೈಯಲ್ಲಿ ವರ್ಷಗಟ್ಟಲೆ ಮಲಗಿದ್ದು ಮತ್ತೆ ಏಳಬಹುದು. ಮೊದಲಿದ್ದ ಜಾಗದಲ್ಲೇ ಬರಬಹುದು, ಅಥವಾ ಮೂಳೆ, ಶ್ವಾಸಕೋಶ, ಪಿತ್ತಜನಕಾಂಗಕ್ಕೆ ಹೋಗಿ ಬೆಳೆಯಬಹುದು. ಇದು ರೋಗಿಯ ಪಾಪದಿಂದಲ್ಲ, ಪ್ರಾರ್ಥನೆ ಕಡಿಮೆಯಾದುದರಿಂದಲೂ ಅಲ್ಲ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಇಂಥದ್ದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಏನು ಹೇಳಿದರೆಂಬುದನ್ನು ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಓದಿರಿ.

ದೂರದ ಅಂಗಕ್ಕೆ ಹರಡಿ ಮರಳಿದ ಸ್ತನ ಕ್ಯಾನ್ಸರನ್ನು ಬೇರುಸಹಿತ ಕೀಳುವುದು ಸಾಮಾನ್ಯವಾಗಿ ಆಗುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ‘ಇನ್ನೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಅರ್ಥವೂ ಅದಕ್ಕಿಲ್ಲ. ಸಕ್ಕರೆ ಕಾಯಿಲೆಯಂತೆ, ಬಿ.ಪಿ.ಯಂತೆ ಔಷಧದಿಂದ ಅದನ್ನು ಹತೋಟಿಯಲ್ಲಿಟ್ಟುಕೊಂಡು ವರ್ಷಗಳ ಕಾಲ ಬದುಕುವವರು ಅನೇಕರಿದ್ದಾರೆ. ಕೆಲವರಿಗೆ ದಿನದ ಮಾತ್ರೆಯೇ ಸಾಕಾಗುತ್ತದೆ. ಈ ತಾಯಿಗೂ ಮಾತ್ರೆ ಮತ್ತು ಮೂಳೆ ಗಟ್ಟಿಗೊಳಿಸುವ ಇಂಜೆಕ್ಷನ್ ನಡೆಯುತ್ತಿದೆ. ಮಾತ್ರೆ ನಿಲ್ಲಿಸಿ ಯಾವುದೋ ಊರಿನ ಬೇರು, ಕಷಾಯ ಕುಡಿಸಿರೆಂದು ಬಂಧುಗಳು ಒತ್ತಾಯಿಸುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಪ್ರೀತಿ ಅಪಾಯಕಾರಿ. ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದು ಕಲಿಸುತ್ತದೆ.

ಮನೆಯವರು ಮಾಡಬೇಕಾದದ್ದು ಬಹಳವಿದೆ. ಈ ರೋಗ ಅಂಟುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿರಿ, ಮೊಮ್ಮಕ್ಕಳನ್ನು ದೂರವಿಡಬೇಡಿರಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನೇ ಬಚ್ಚಿಡುವವರಿದ್ದಾರೆ. ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ ಎಂಬುದನ್ನು ಬೀಗರಿಗೂ ತಿಳಿಸಿರಿ. ಕೀಮೋ ನಡೆಯುವಾಗ ಬಾಯಿ ಹುಣ್ಣಾದರೆ ಜೋಳದ ರೊಟ್ಟಿ ಇಳಿಯುವುದಿಲ್ಲ. ಗಂಜಿ, ಮೆತ್ತನೆಯ ಅನ್ನ, ಬೇಯಿಸಿದ ಮೊಟ್ಟೆ, ಬೇಳೆಕಟ್ಟು ಕೊಡಿ. ಖಾರ ಬಿಡಿ (ನಮ್ಮ ಕಡೆ ಇದೇ ದೊಡ್ಡ ತಪಸ್ಸು). ಕಾಯಿಸಿ ಆರಿಸಿದ ನೀರನ್ನೇ ಕುಡಿಸಿರಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಕಂಕುಳಿನ ಗಂಟು ತೆಗೆದ ಕಡೆಯ ಕೈಯನ್ನು ಜೋಪಾನ ಮಾಡುವುದು ರೈತ ಹೆಂಗಸರಿಗೆ ವಿಶೇಷವಾಗಿ ಅಗತ್ಯ. ಒಣಗಿದ ಹತ್ತಿಕಾಯಿಯ ಮೊನೆ ಚುಚ್ಚಿ ಗಾಯ ನಂಜಾದರೆ ಕೈ ಊದಿಕೊಳ್ಳುತ್ತದೆ, ಆ ಊತ ಸುಲಭವಾಗಿ ಇಳಿಯುವುದಿಲ್ಲ. ಹತ್ತಿ ಬಿಡಿಸಲೇಬೇಕೆಂದರೆ ಕೈಗವಸು ಹಾಕಿಕೊಂಡು ಬಿಡಿಸಿರಿ. ರೋಗ ಮೂಳೆಗೆ ಬಂದವರು ತುಂಬಿದ ಕೊಡ, ಮೂಟೆ ಎತ್ತಲೇಬಾರದು, ಮೂಳೆ ಮುರಿಯುವ ಭಯವಿದೆ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿರಿ.

ಈಗ ಕೃತಜ್ಞತೆಯ ಮಾತು. ಅಮೇರಿಕದ ಷಿಕಾಗೋ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್‌ರವರಿಗೆ 1995ರ ಜೂನ್‌ನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಾಗಿ ಆಪರೇಷನ್ ಆಯಿತು. 1996ರ ಆಗಸ್ಟ್‌ನಲ್ಲಿ ಅದು ಪಿತ್ತಜನಕಾಂಗದಲ್ಲಿ ಮರಳಿ ಕಾಣಿಸಿತು. ಅವರು ಅದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿದರು. ರೋಗಿಗಳನ್ನು ನೋಡಲು ಹೋಗುವುದನ್ನು ಬಿಡಲಿಲ್ಲ, ರೋಮ್‌ಗೂ ಹೋಗಿಬಂದರು, ಕೊನೆಯ ವಾರಗಳಲ್ಲಿ ಒಂದು ಪುಸ್ತಕವನ್ನೂ ಬರೆದರು. 1996ರ ನವೆಂಬರ್ 14ರಂದು ತೀರಿಕೊಂಡರು. ಅವರ ವಿಶ್ವಾಸದಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಕ್ಯಾನ್ಸರ್ ರೋಗಿಗಳ ಪಾಲಕರಾದ ಸಂತ ಪೆರೆಗ್ರಿನ್‌ರವರ ಕಾಲಿನ ಹುಣ್ಣು ವಾಸಿಯಾಯಿತೆಂದು ಓದುತ್ತೇವೆ, ಬರ್ನಾರ್ಡಿನ್‌ರವರದು ವಾಸಿಯಾಗಲಿಲ್ಲ. ನಾವು ಪ್ರಸಂಗಗಳಲ್ಲಿ ಮೊದಲನೆಯದನ್ನೇ ಹೇಳಿ ಹೇಳಿ ಎರಡನೆಯವರನ್ನು ಒಂಟಿ ಮಾಡಿದ್ದೇವೆ.

ಆ ತಾಯಿ ನಮಗಿಂತ ಮುಂದೆ ನಡೆದರು. ಪಕ್ಕದ ಮನೆಯ ಗೆಳತಿ ಮಂತ್ರಾಲಯದಿಂದ ಬಂದಾಗಲೆಲ್ಲ ಬಂದು ಕೂತು ಹರಟುತ್ತಾರೆ, ಇವರು ಆಕೆಗಾಗಿ ಜಪಸರ ಹೇಳುತ್ತಾರೆ. ಕಾಲುವೆಯ ನೀರಿಗಾಗಿ ನಲವತ್ತು ವರ್ಷ ಕಾದ ಆಕೆ, ಆ ನೀರು ಬರುವ ಜಾಗವನ್ನು ನೋಡಿಯೇ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ಸುದ್ದಿಯನ್ನು ಆಸ್ಪತ್ರೆಯ ಮಂಚದ ಮೇಲಿಂದಲೇ ಕೇಳಿ, ತಮ್ಮ ರೋಗಕ್ಕಿಂತ ಹೆಚ್ಚು ಅದಕ್ಕೇ ಕಣ್ಣೀರು ಹಾಕಿದರಂತೆ. ಮುಂದೆ ನೋವು ಹತೋಟಿಗೆ ಬಂದಾಗ ಮಕ್ಕಳು ಹೊಸಪೇಟೆಗೆ ಕರೆದೊಯ್ದರು. “ಅಷ್ಟು ನೀರು ನೋಡ್ದೆ ಫಾದರ್. ನಮ್ಮ ಹೊಲಕ್ಕ ಬರೋದು ಅದರಾಗ ಒಂದು ಬೊಗಸಿ. ಆದ್ರೂ ಬಂತಲ್ರೀ” ಎಂದರು. ಅದಾದ ಮೇಲಿನ ಭಾನುವಾರ ತಾವಾಗಿಯೇ ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾವು ಈ ಸಲ ಮುಂದೆ ಕರೆಯಲಿಲ್ಲ.

ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕೇಳುವುದು ಅವಶ್ಯ. ಕೀಮೋ ಹಾಕಿದ ಏಳರಿಂದ ಹದಿನಾಲ್ಕು ದಿನಗಳಲ್ಲಿ ರಕ್ತದ ಬಿಳಿ ಕಣಗಳು ಸಾಮಾನ್ಯವಾಗಿ ತೀರಾ ಕಡಿಮೆಯಾಗುತ್ತವೆ. ಆಗ ಜಾತ್ರೆ, ಮದುವೆ, ವೇಲಾಂಕಣಿ ಹಬ್ಬದ ಜನಜಂಗುಳಿ ಬೇಡ.

ನೋವಿನ ಬಗ್ಗೆ ಒಂದು ಮಾತು. ಮಾರ್ಫಿನ್ ಎಂದರೆ ಕೊನೆಯ ಔಷಧ, ಚಟ ಹಿಡಿಯುತ್ತದೆ ಎಂಬ ಭಯದಿಂದ ರೋಗಿಯನ್ನು ನರಳಿಸುತ್ತಾರೆ. ವೈದ್ಯರ ಲೆಕ್ಕದಲ್ಲಿ ಕೊಟ್ಟಾಗ ಹಾಗಾಗುವುದು ಅಪರೂಪ. 2014ರ ಕಾನೂನು ತಿದ್ದುಪಡಿಯ ನಂತರ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ನಿಯಮವೂ ಸಡಿಲವಾಗಿದೆ. ಕೇಳಿ ಪಡೆಯಿರಿ.

ಹಾಗೆಯೇ ನಾವು ಎಣ್ಣೆಯೊಂದಿಗೆ ಮನೆಗೆ ಬಂದರೆ ಸಾವು ಬಂತೆಂದು ಅಳುವವರಿದ್ದಾರೆ. ರೋಗಿಗಳ ಅಭ್ಯಂಗವು ಸಾಯುವವರಿಗಷ್ಟೇ ಅಲ್ಲ. ಗುಣವಾದ ಮೇಲೆ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ರೋಗ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದೆಂದು 1983ರ ಧರ್ಮಸಭೆಯ ಕಾನೂನಿನ 1004ನೇ ವಿಧಿ ಹೇಳುತ್ತದೆ. ಆ ತಾಯಿ ಎರಡು ಸಲ ಪಡೆದಿದ್ದಾರೆ.

ಖರ್ಚಿನ ವಿಷಯ: ನಮ್ಮ ರಾಜ್ಯದಲ್ಲಿ 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ 2024ರಲ್ಲಿ ಎನ್.ಟಿ.ಆರ್. ವೈದ್ಯಸೇವೆ ಎಂದು ಹೆಸರಾದ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಮೊದಲು ವಿಚಾರಿಸಿರಿ. ಭಾಷೆಯ ಅನುಕೂಲಕ್ಕೆ ನಮ್ಮವರು ಅನೇಕರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಾರೆ. ನಮ್ಮ ರಾಜ್ಯದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಕೇಳಿಕೊಳ್ಳಿರಿ. ಚಿಕಿತ್ಸೆಗೂ ತಪಾಸಣೆಗೂ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ ಇದೆ, ಜೊತೆಗಾರರಿಗೆ ಮುಕ್ಕಾಲು ಪಾಲು. ಫಾರಂಗೆ ಆಸ್ಪತ್ರೆಯ ವೈದ್ಯರ ಸಹಿ ಮೊಹರು ಬೇಕು. ತುಂಬಲು ಬಾರದವರು ಬಲಿಪೂಜೆಯ ನಂತರ ನಮ್ಮ ಕಛೇರಿಗೆ ಬನ್ನಿರಿ. ಆ ತಾಯಿಯೇ ಈಗ ಅಲ್ಲಿ ಕೂತು, ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಬಂದವರಿಗೆ ಹೇಳಿಕೊಡುತ್ತಾರೆ.