ಮುಗಿಸಿ ಕೈಕಟ್ಟಿ ಕೂತ ಮಗು

ತಂಗೀ, ನಿನಗೆ ಕಂಪ್ಲಿ ಕಡೆ ಶಾಲೆ ಸಿಕ್ಕಿದೆ, ಐದನೇ ಕ್ಲಾಸು ಕೊಟ್ಟಿದ್ದಾರೆ ಅಂತ ಗೊತ್ತಾಯಿತು. ಒಳ್ಳೆಯದಾಯಿತು. ನಮ್ಮ ಕಡೆ ಐದನೇ ಕ್ಲಾಸು ಅಂದರೆ ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಕ್ಲಾಸು. ಶಾಲೆ ಶುರುವಾಗಿ ಮಳೆ ಹಿಡಿಯುವುದರೊಳಗೆ ಒಬ್ಬರಲ್ಲ ಒಬ್ಬರು ಬಂದು, 'ಟೀಚರ್, ನಮ್ಮ ಹುಡುಗ ಭಾಳ ಶಾಣ್ಯಾ ಅದಾನ, ನವೋದಯಕ್ಕ ಕೂಡ್ರಸ್ರಿ' ಅನ್ನುತ್ತಾರೆ. ಕೆಲವರ ಮಾತು ನಿಜವೂ ಇರುತ್ತದೆ. ನಾನು ಹೇಳಬೇಕೆಂದಿರುವುದು ಆ ಶಾಣ್ಯಾ ಮಕ್ಕಳ ವಿಷಯವೇ.

ಹಿಂದೆ ಬಿದ್ದವರಿಗೆ ಏನು ಮಾಡಬೇಕು ಅಂತ ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಪರಿಹಾರ ಬೋಧನೆ ಇದೆ, ಅದಕ್ಕೊಂದು ದಾಖಲೆ ಪುಸ್ತಕ ಇದೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದರೆ ಅದನ್ನು ಕೇಳುತ್ತಾರೆ. ಇರಬೇಕಾದ್ದೇ. ಆದರೆ ನೀನು ಬೋರ್ಡಿನ ಮೇಲೆ ಐದು ಲೆಕ್ಕ ಬರೆದು ಈ ಕಡೆ ತಿರುಗುವುದರೊಳಗೆ ಮುಗಿಸಿ ಕೈಕಟ್ಟಿ ಕೂತಿರುತ್ತದಲ್ಲ ಒಂದು ಮಗು, ಅದಕ್ಕೆ ಯಾವ ದಾಖಲೆ ಪುಸ್ತಕವೂ ಇಲ್ಲ. ಅದಕ್ಕೆ ನಾವು ಮೇಷ್ಟ್ರುಗಳು ಕೊಡುವ ಕೆಲಸ ಯಾವುದು ಗೊತ್ತಲ್ಲ? ಸೀಮೆಸುಣ್ಣ ತಾ, ಆಫೀಸು ರೂಮಿನಿಂದ ಹಾಜರಿ ಪುಸ್ತಕ ತಾ, ಗಲಾಟೆ ಮಾಡುವವರ ಹೆಸರು ಬರಿ. ವರ್ಷವಿಡೀ ಬೇರೆಯವರ ಹೆಸರು ಬರೆದುಕೊಂಡೇ ಆ ಮಗು ಆರನೇ ಕ್ಲಾಸಿಗೆ ಹೋಗುತ್ತದೆ. ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನಬೇಡ. ಹಾಡು, ಕಂಠಪಾಠ, ಛದ್ಮವೇಷಕ್ಕೆ ಅದು ಚಂದದ ವೇದಿಕೆ. ಲೆಕ್ಕದ ಹುಚ್ಚು ಹಿಡಿದ ಮಗುವಿಗೆ ಅಲ್ಲಿ ಜಾಗ ಕಡಿಮೆ.

ವಿಚಿತ್ರ ನೋಡು, ಇದಕ್ಕೆ ದಾರಿ ನಮ್ಮ ಶಾಲೆಯೊಳಗೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಎಲ್ಲೆಡೆಗೂ ಬಂದ ನಲಿಕಲಿ ಪದ್ಧತಿಯಲ್ಲಿ ಮಗು ತನ್ನ ಓಟದಲ್ಲೇ ಹೋಗುತ್ತದೆ. ಕಾರ್ಡು ಮುಗಿಸಿದರೆ ಮುಂದಿನ ಕಾರ್ಡು, ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ, ಕಲಿಕಾ ಏಣಿಯಲ್ಲಿ ಒಂದು ಮೈಲಿಗಲ್ಲಿನಿಂದ ಮುಂದಿನದಕ್ಕೆ. ಜ್ವರ ಬಂದು ಎಂಟು ದಿನ ತಪ್ಪಿಸಿದವನೂ ಬಿಟ್ಟಲ್ಲಿಂದಲೇ ಹಿಡಿಯಬಹುದು, ಚುರುಕಿನವನಿಗೂ ತಡೆಯಿಲ್ಲ. ಆದರೆ ಅದು ಮೂರನೇ ಕ್ಲಾಸಿನವರೆಗೆ ಮಾತ್ರ. ನಾಲ್ಕಕ್ಕೆ ಬಂದೊಡನೆ ಏಣಿ ತೆಗೆದಿಟ್ಟು ಎಲ್ಲರಿಗೂ ಅದೇ ಪಾಠ, ಅದೇ ಪುಟ. ನಿನ್ನ ಕ್ಲಾಸಿನಲ್ಲಿ ಆ ಏಣಿಯನ್ನು ಇನ್ನೆರಡು ಮೆಟ್ಟಿಲು ನೀನೇ ಹಾಕಿಕೊಂಡರೆ ಬೇಡ ಅನ್ನುವವರು ಯಾರೂ ಇಲ್ಲ.

ಯಾವ ಮಗು ಅಂತ ಗುರುತಿಸುವುದರಲ್ಲಿ ಅವಸರ ಬೇಡ. ಫಸ್ಟು ಬರುವವರೆಲ್ಲ ಅವರಲ್ಲ. ಅಂದವಾಗಿ ಬರೆದು, ಹೋಂವರ್ಕ್ ತಪ್ಪದೆ ತಂದು, ಹೇಳಿದ್ದನ್ನು ಹಾಗೇ ಒಪ್ಪಿಸುವ ಮಗು ನಮಗೆ ಇಷ್ಟವಾಗುತ್ತದೆ, ಅಷ್ಟೇ. ಇನ್ನೊಂದು ಮಗು 'ಸೊನ್ನೆಯಿಂದ ಯಾಕ ಭಾಗಾಕಾರ ಮಾಡಬಾರದು ಟೀಚರ್' ಅಂತ ಪಾಠದ ನಡುವೆ ಕೇಳಿ ನಿನ್ನ ಓಟ ಕೆಡಿಸುತ್ತದೆ. ಅದರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಕಣ್ಣು ಅದರ ಮೇಲಿರಲಿ. ಇನ್ನು ಸಂಡೂರಿನ ತಾಂಡಾಗಳಲ್ಲಿ, ಹೊಸಪೇಟೆ ಸುತ್ತಿನ ಕೇರಿಗಳಲ್ಲಿ ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡಿ ಬಂದು ಶಾಲೆಯಲ್ಲಿ ಕನ್ನಡಕ್ಕೆ ತಡಕಾಡುವ ಮಕ್ಕಳಿದ್ದಾರೆ. ಅವರು ಸುಮ್ಮನಿದ್ದರೆ ಮಂದಬುದ್ಧಿ ಅಂತ ಬರೆದುಬಿಡುವುದು ನಮ್ಮವರ ಹಳೇ ಚಾಳಿ. ಅದೇ ತಾಂಡಾಗಳ ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆ ಕನ್ನಡಿ ಚೂರು, ಕವಡೆ, ದಾರದ ಚೌಕಗಳನ್ನು ತಾಯಿ ಎಡಕ್ಕೂ ಬಲಕ್ಕೂ ಸಮ ಕೂರಿಸುವುದನ್ನು ತೊಡೆ ಪಕ್ಕ ಕೂತು ನೋಡಿ ಬೆಳೆದ ಮಗುವಿಗೆ ಕನ್ನಡಿಯ ಬಿಂಬದ ಪ್ರಶ್ನೆ ಕೊಟ್ಟು ನೋಡು. ಕನ್ನಡದಲ್ಲಿ ಹೇಳಲು ಬಾರದಿದ್ದರೂ ಬೆರಳಿಟ್ಟು ತೋರಿಸುತ್ತದೆ.

ಪರೀಕ್ಷೆ ಹೇಳುವುದು ಅರ್ಧ ಮಾತು ಅನ್ನುವುದಕ್ಕೆ ಅಮೆರಿಕದ ಒಂದು ಕಥೆ ಕೇಳು. 1921ರಲ್ಲಿ ಸ್ಟಾನ್‌ಫರ್ಡಿನ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಬುದ್ಧಿಮಾಪನ ಪರೀಕ್ಷೆ ಮಾಡಿ ಸುಮಾರು 1,500 ಅಸಾಧಾರಣ ಮಕ್ಕಳನ್ನು ಆರಿಸಿ ಅವರ ಬದುಕನ್ನೇ ಹಿಂಬಾಲಿಸಿದ. ಚೆನ್ನಾಗಿಯೇ ಬೆಳೆದರು, ನೊಬೆಲ್ ಮಾತ್ರ ಅವರಲ್ಲಿ ಯಾರಿಗೂ ಬರಲಿಲ್ಲ. ಅಂಕ ಸಾಲದೆ ಆ ಪಟ್ಟಿಯಿಂದ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು. 1956ರಲ್ಲಿ ಟ್ರಾನ್ಸಿಸ್ಟರಿನ ಕೆಲಸಕ್ಕೆ ವಿಲಿಯಂ ಶಾಕ್ಲಿಗೆ, 1968ರಲ್ಲಿ ಲೂಯಿಸ್ ಅಲ್ವಾರೆಜ್‌ಗೆ. ನಮ್ಮ ಬೆಂಗಳೂರಿನ ನಿಯಾಸ್ ಸಂಸ್ಥೆಯವರೂ ಪ್ರತಿಭಾವಂತ ಮಕ್ಕಳ ಶಿಕ್ಷಣದ ಬಗ್ಗೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇಂಥ ಮಕ್ಕಳಿಗೆ ಪಠ್ಯದಾಚೆಯ ಪೂರಕ ಕೆಲಸ ಕೊಡಿ ಅಂತ ಶಿಕ್ಷಕರಿಗೆ ಹೇಳಿದ್ದಾರೆ. ಆ ಮಾತು ನಿನ್ನ ಕ್ಲಾಸಿನ ತನಕ ನಡೆದು ಬರುವುದನ್ನು ಕಾಯುತ್ತಾ ಕೂತರೆ ಮಕ್ಕಳು ಹೈಸ್ಕೂಲು ಮುಗಿಸಿರುತ್ತಾರೆ.

ಈಗ ನವೋದಯಕ್ಕೆ ಬರೋಣ. 1986ರ ಶಿಕ್ಷಣ ನೀತಿಯ ಕೂಸು ಅದು. ಹಳ್ಳಿಯ ಚುರುಕು ಮಗುವಿಗೆ ದುಡ್ಡಿಲ್ಲ ಅನ್ನುವ ಕಾರಣಕ್ಕೆ ಒಳ್ಳೆಯ ಶಾಲೆ ತಪ್ಪಬಾರದು ಅನ್ನುವುದು ಉದ್ದೇಶ. ಸರ್ಕಾರದ ಯೋಜನೆಗಳಲ್ಲಿ ನನಗೆ ಮನಸಾರೆ ಒಪ್ಪಿಗೆಯಾದ ಕೆಲವೇ ಯೋಜನೆಗಳಲ್ಲಿ ಇದೊಂದು. ಆರನೇ ಕ್ಲಾಸಿಗೆ ಒಂದು ಶಾಲೆಗೆ 80 ಮಕ್ಕಳು, ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯವರು, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳು. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ಬಳ್ಳಾರಿ ಜಿಲ್ಲೆಯ ನವೋದಯ ಇದ್ದದ್ದು ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ, ಕೂಡ್ಲಿಗಿ ಆ ಹೊಸ ಜಿಲ್ಲೆಗೆ ಹೋದವು, ಕೂಡ್ಲಿಗಿಯ ಜೊತೆ ಆ ನವೋದಯವೂ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. 2024ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ 28 ಹೊಸ ನವೋದಯಗಳಿಗೆ ಒಪ್ಪಿಗೆ ಕೊಟ್ಟಾಗ ಕರ್ನಾಟಕಕ್ಕೆ ಸಿಕ್ಕಿದ್ದು ಒಂದು, ಅದು ಬಳ್ಳಾರಿಗೆ. ಹಾಗಾಗಿ ಅರ್ಜಿಯಲ್ಲಿ ಜಿಲ್ಲೆಯ ಹೆಸರು ತುಂಬುವಾಗ ಹಳೇ ಅಭ್ಯಾಸದಲ್ಲಿ ಕೈ ಓಡಿಸಬೇಡ, ಸೂಚನೆ ಓದಿ ತುಂಬು.

ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬರೀ ಚಿತ್ರಗಳು. ಗುಂಪಿಗೆ ಸೇರದ್ದು ಯಾವುದು, ಸಾಲಿನಲ್ಲಿ ಮುಂದೆ ಬರುವುದು ಯಾವುದು, ಮಡಿಚಿ ತೂತು ಹೊಡೆದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ, ಇಂಥವು. ಉಳಿದದ್ದರಲ್ಲಿ ಲೆಕ್ಕ 20, ಭಾಷೆ 20. ಒಂದು ಮಗುವಿಗೆ ಒಂದೇ ಅವಕಾಶ, ಎರಡನೇ ಸಲ ಕೂರುವ ಹಾಗಿಲ್ಲ. ಇಷ್ಟಕ್ಕೆ ಮೂರನೇ ಕ್ಲಾಸಿನಿಂದಲೇ ಮಗುವನ್ನು ಕೋಚಿಂಗ್ ಹಾಸ್ಟೆಲಿಗೆ ಹಾಕುವವರಿದ್ದಾರೆ. ಹೆಸರು ಊರ ಶಾಲೆಯ ಹಾಜರಿಯಲ್ಲಿ, ಮಗು ಪೇಟೆಯ ಒಂದು ಕೋಣೆಯಲ್ಲಿ. ಹಳ್ಳಿಯ ಕೋಟಾಕ್ಕೆ ಮೂರು, ನಾಲ್ಕು, ಐದನೇ ಕ್ಲಾಸು ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿರಬೇಕು ಅನ್ನುವ ನಿಯಮ ಇರುವುದು ಯಾಕೆ ಹೇಳು? ಆ ಸುಳ್ಳು ಹಾಜರಿ ಹಾಕು ಅಂತ ಯಾರು ಬಂದು ಕೂತರೂ ಹಾಕಬೇಡ. ಊರ ದೊಡ್ಡವರೇ ಆಗಲಿ, ಚಹಾ ಕೊಟ್ಟು ಕಳಿಸು.

ಕೋಚಿಂಗಿನವರು ಮಾಡಿಸುವುದನ್ನು ನೀನು ಇಡೀ ಕ್ಲಾಸಿಗೆ, ಪುಕ್ಕಟೆ, ಶನಿವಾರ ಬೆಳಿಗ್ಗೆ ಮಾಡಿಸಬಹುದು. ಹಳೇ ಕ್ಯಾಲೆಂಡರಿನ ಹಾಳೆ ತಗೋ. ನಡುವಿಗೆ ಒಂದು ಸಲ ಮಡಿಚು, ಇನ್ನೊಂದು ಸಲ ಮಡಿಚು, ಒಂದು ತೂತು ಹೊಡೆ. ಬಿಚ್ಚುವ ಮೊದಲು ತೂತು ಎಷ್ಟು, ಎಲ್ಲೆಲ್ಲಿ ಅಂತ ಪ್ರತಿಯೊಬ್ಬರೂ ಬರೆಯಲಿ. ನಾಲ್ಕು ಅನ್ನುವವರು ಸಿಗುತ್ತಾರೆ, ಜಾಗ ಸರಿಯಾಗಿ ಗುರುತು ಮಾಡುವವರು ಕಡಿಮೆ. ಮೂರನೇ ಸಲ ಮಡಿಚಿದರೆ? ಸೊಟ್ಟಗೆ ಮಡಿಚಿದರೆ? ಈ ಸೊಟ್ಟ ಮಡಿಕೆಯ ಪ್ರಶ್ನೆಯನ್ನು ಮಕ್ಕಳಲ್ಲೇ ಒಬ್ಬರು ಕೇಳಿದರೆ, ನೀನು ಹುಡುಕುತ್ತಿರುವ ಮಗು ಬಹುಶಃ ಅದೇ. ಅದಕ್ಕೆ ಉತ್ತರ ಹೇಳಬೇಡ. ಹಾಳೆ ಕೊಟ್ಟು ಮೂಲೆಗೆ ಕಳಿಸು.

ಹಂಪಿ ಅಷ್ಟು ಹತ್ತಿರ ಇಟ್ಟುಕೊಂಡು ನಾವು ಪ್ರವಾಸಕ್ಕೆ ಕರೆದೊಯ್ದು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿ ಚಿತ್ರಾನ್ನ ತಿನ್ನಿಸಿ ವಾಪಸು ಕರೆತರುತ್ತೇವೆ. ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಗೆ ಕರೆದುಕೊಂಡು ಹೋಗು. ಆ ಕಪ್ಪು ಕಲ್ಲುಗಳ ಮೇಲೆ ಶಿಲ್ಪಿಗಳು ಗುರುತು ಕೆತ್ತಿದ್ದಾರೆ: ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು. ಬೇರೆ ಕಡೆ ಕಡಿದು ತಂದ ಕಲ್ಲನ್ನು ಇಲ್ಲಿ ತಪ್ಪದೆ ಜೋಡಿಸಲು ಮಾಡಿಕೊಂಡ ಉಪಾಯ. ವಾಪಸು ಬಂದ ಮೇಲೆ, ನಮ್ಮ ಶಾಲೆಯ ಜಗಲಿಯ ಕಲ್ಲುಗಳನ್ನೆಲ್ಲ ಕಿತ್ತು ಮತ್ತೆ ಹಾಗೇ ಕೂರಿಸಬೇಕಾದರೆ ಯಾವ ಗುರುತು ಬರೆಯುತ್ತೀರಿ ಅಂತ ಕೇಳು. ಕೆಲವರು ಒಂದರಿಂದ ಎಣಿಸುತ್ತಾ ಹೋಗುತ್ತಾರೆ. ಸಾಲಿಗೊಂದು, ಸ್ಥಾನಕ್ಕೊಂದು ಗುರುತು ಹಾಕುವವರು ಗ್ರಾಫಿನ ಬಾಗಿಲಿಗೆ ತಾವಾಗಿಯೇ ಬಂದು ನಿಂತಿರುತ್ತಾರೆ. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಕತ್ತಲೆ ಕೋಣೆಯ ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ದೇವರ ಮಹಿಮೆ ಅಂತ ಗೈಡು ಹೇಳಿದರೆ ಜಗಳ ಬೇಡ. ಶಾಲೆಗೆ ಬಂದು ಚಪ್ಪಲಿ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಎದುರಿಗೆ ಎಣ್ಣೆಕಾಗದ ಅಂಟಿಸಿ, ಹೊರಗೆ ಮೋಂಬತ್ತಿ ಹಚ್ಚು.

ಕಂಪ್ಲಿ ಮಕ್ಕಳಿಗೆ ಡ್ಯಾಮಿನ ಪ್ರಶ್ನೆ ಕೊಡು. ಹೊಳೆ ತುಂಬಿದರೆ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದಾಗುವುದು ಅವರಿಗೆ ಗೊತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರಲ್ಲ, ಯಾಕೆ? ಒಂದರಿಂದ ಹೋಗುತ್ತಿರುವುದೇ ಸಾಲದೆ? ವಾದ ಮಾಡಲು ಬಿಡು. ನಿನಗೇ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾಳೆ ಕೇಳಿಕೊಂಡು ಬರೋಣ ಅನ್ನು.

ನವೋದಯಕ್ಕೆ ಹೆಣ್ಣುಮಗು ಆಯ್ಕೆಯಾದರೆ ಅಪ್ಪ ಮೆತ್ತಗೆ ಹಿಂದೆ ಸರಿಯುತ್ತಾನೆ. ಅಷ್ಟು ದೂರ, ಹಾಸ್ಟೆಲ್ಲು, ನೋಡೋಣ ಅನ್ನುತ್ತಾನೆ. ಆಗ ಹೋಗಿ ಮಾತಾಡುವುದಲ್ಲ, ಅರ್ಜಿ ಹಾಕುವ ಮೊದಲೇ ಮನೆಗೆ ಹೋಗು. ಒಂಬತ್ತನೇ ಕ್ಲಾಸಿನಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ ಅನ್ನುವುದನ್ನೂ ಮುಚ್ಚಿಡದೆ ಹೇಳು. ಅಜ್ಜಿ ಇದ್ದರೆ ಅಜ್ಜಿಯ ಹತ್ತಿರ ಮಾತಾಡು, ನಮ್ಮ ಕಡೆ ಅಲ್ಲೇ ತೀರ್ಮಾನ. ಆಯ್ಕೆಯಾಗದವರಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ಆದರ್ಶ ವಿದ್ಯಾಲಯ ಇದೆ, ಆ ಅರ್ಜಿಗಳನ್ನೂ ಹಾಕಿಸು. ಎಲ್ಲೂ ಆಗದೆ ನಿನ್ನ ಶಾಲೆಯಲ್ಲೇ ಆರನೇ ಕ್ಲಾಸಿಗೆ ಕೂರುವ ಮಗುವಿನ ಮುಂದೆ ಮಾತ್ರ 'ಅಯ್ಯೋ ಪಾಪ' ಅನ್ನಬೇಡ. ಶನಿವಾರದ ಗುಂಪಿನಲ್ಲಿ ಅದನ್ನು ಇಟ್ಟುಕೋ, ಐದನೆಯವರಿಗೆ ಪ್ರಶ್ನೆ ತಯಾರಿಸುವ ಕೆಲಸ ಅದಕ್ಕೆ ಕೊಡು. ಉತ್ತರ ಬರೆಯುವುದಕ್ಕಿಂತ ಪ್ರಶ್ನೆ ಮಾಡುವುದು ಕಷ್ಟ ಅನ್ನುವುದು ಎರಡೇ ವಾರದಲ್ಲಿ ಅದಕ್ಕೆ ತಿಳಿಯುತ್ತದೆ.

ಇನ್ನೊಂದು ಮಾತು. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಮಕ್ಕಳ ಪಟ್ಟಿ ಮಾಡಿಕೋ. ಅರ್ಜಿ ತುಂಬುವುದು ಮಳೆಗಾಲದಲ್ಲಿ, ಪರೀಕ್ಷೆ ಚಳಿಗಾಲದಲ್ಲಿ, ಅಷ್ಟರಲ್ಲಿ ಅವರು ಗುಡಿಸಲಿಗೆ ಬೀಗ ಹಾಕಿ ಹೋಗಿರುತ್ತಾರೆ. ಮಗುವನ್ನು ಪರೀಕ್ಷೆಯ ತನಕ ಇಟ್ಟುಕೊಳ್ಳುವ ಅಜ್ಜಿಯೋ ಚಿಕ್ಕಮ್ಮನೋ ಊರಲ್ಲಿ ಯಾರಿದ್ದಾರೆ ಅಂತ ಜುಲೈನಲ್ಲೇ ವಿಚಾರಿಸು. ಹೆಡ್‌ಮಾಸ್ಟರ ಸಹಿಯಾದ ಪ್ರಮಾಣಪತ್ರ, ಮಗುವಿನ ಫೋಟೋ, ಆಧಾರ್ ಪ್ರತಿ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿಡು. ಅಪ್ಪನ ಫೋನ್ ನಂಬರಿನ ಜೊತೆ ಕಬ್ಬಿನ ಗುಂಪಿನ ಮೇಸ್ತ್ರಿಯ ನಂಬರನ್ನೂ ಬರೆದುಕೋ, ಅಪ್ಪನದು ಕರೆನ್ಸಿ ಮುಗಿದು ಬಂದಾಗಿರುತ್ತದೆ.