ನಿಂತ ಕಾರಿನ ಬ್ಯಾಟರಿಗೂ ಬೇಕು ಆರೈಕೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕಾರುಗಳು ವಾರಗಟ್ಟಲೆ ಕದಲದೆ ನಿಂತವು. ನಿರ್ಬಂಧ ಸಡಿಲವಾದ ಮೇಲೆ ಕೀ ತಿರುಗಿಸಿದ ಅನೇಕರಿಗೆ ಕೇಳಿಸಿದ್ದು ಬರೀ ‘ಟಿಕ್ ಟಿಕ್’ ಸದ್ದು.

ಎಂಜಿನ್ ಆಫ್ ಆಗಿದ್ದರೂ ಅಲಾರಾಂ, ಗಡಿಯಾರ, ಸೆಂಟ್ರಲ್ ಲಾಕ್ ಒಂದಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರದೊಳಗೆ ಅರ್ಧಕ್ಕಿಂತ ಹೆಚ್ಚು ಬರಿದಾಗುತ್ತದೆ. ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬಾರದು.

ಪರಿಹಾರ ಕಷ್ಟದ್ದಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕಾರು ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಉಪಯೋಗ ಅಷ್ಟಕ್ಕಷ್ಟೆ. ಮುಚ್ಚಿದ ಗ್ಯಾರೇಜಿನಲ್ಲಂತೂ ಹಾಗೆ ಮಾಡಲೇಬೇಡಿ, ಅದರ ಹೊಗೆ ಪ್ರಾಣಕ್ಕೇ ಅಪಾಯ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ತಿಂಗಳುಗಟ್ಟಲೆ ಹೋಗುವ ಹಿರಿಯರು ಹೊರಡುವ ಮುನ್ನ ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿಡುವುದು ಒಳ್ಳೆಯದು. ಮೊದಲು ಕಾರಿನ ಕೈಪಿಡಿ ನೋಡಿಕೊಳ್ಳಿ: ಕೆಲವು ಕಾರುಗಳಲ್ಲಿ ಸ್ಟೀರಿಯೊ ಮತ್ತೆ ಕೋಡ್ ಕೇಳುತ್ತದೆ. ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ, ಚಾರ್ಜ್ ತುಂಬಿದೊಡನೆ ತಾನೇ ಕರೆಂಟ್ ತಗ್ಗಿಸುವ ಸ್ಮಾರ್ಟ್ ಚಾರ್ಜರ್ ಇನ್ನೂ ಅನುಕೂಲ.

ಮನೆಯಲ್ಲಿ ಮಲ್ಟಿಮೀಟರ್ ಇದೆಯೇ? ಕೆಲವು ಗಂಟೆ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ ಎಂದರ್ಥ. 12.4ಕ್ಕಿಂತ ಕೆಳಗಿಳಿದರೆ ತಡಮಾಡದೆ ಚಾರ್ಜ್ ಮಾಡಿಸಿ.